ಹಠ ಹಿಡಿಯುವ ಮೋಟಾರು ಗಾಡಿ

ಪೂರ್ಣವಾಗಿ ಕೆಟ್ಟುನಿಂತ ಗಾಡಿಯನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಆಗಾಗ ಮಾತ್ರ ಕೆಡುವ ಗಾಡಿಯನ್ನು ಸರಿಪಡಿಸುವುದೇ ಕಷ್ಟ. ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಹೊರಟ ಬಾಡಿಗೆ ಕಾರು ಮಧ್ಯಾಹ್ನ ಸಂತೆಯ ಬೀದಿಯಲ್ಲಿ ಜಪ್ಪಯ್ಯ ಎಂದರೂ ಮಿಸುಕುವುದಿಲ್ಲ. ಅರ್ಧ ಗಂಟೆಯ ತರುವಾಯ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಸೊಗಸಾಗಿ ಹೊರಡುತ್ತದೆ! ಮೆಕ್ಯಾನಿಕ್ ಊಹೆಯ ಮೇಲೆ ಬ್ಯಾಟರಿಯನ್ನು ಬದಲಾಯಿಸುತ್ತಾನೆ. ವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಆಗ ಸೆಲ್ಫ್ ಮೋಟಾರಿನ ಸರದಿ. ಹೀಗೆ ಹಣವೂ ಹೋಗಿ ಗಾಡಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಬಾಡಿಗೆಯನ್ನೇ ನೆಚ್ಚಿದ ಚಾಲಕನಿಗೆ ಇದು ಅನ್ನದ ಪ್ರಶ್ನೆ; ನಡುರಾತ್ರಿಯಲ್ಲಿ ರೋಗಿಯನ್ನು ಸಾಗಿಸಬೇಕಾದವರಿಗೆ ಪ್ರಾಣದ ಪ್ರಶ್ನೆ.

‘ಗಾಡಿ ಹಠ ಮಾಡುತ್ತದೆ’ ಎಂದು ನಾವು ಹೇಳುವುದುಂಟು. ಆದರೆ ಯಂತ್ರಕ್ಕೆ ಮನಸ್ಸಿಲ್ಲ. ಅದು ಒಮ್ಮೆ ಹೊರಟು ಒಮ್ಮೆ ಹೊರಡದಿದ್ದರೆ, ಆ ಎರಡು ವೇಳೆಗಳ ನಡುವೆ ಏನೋ ಒಂದು ಬದಲಾಗಿರಲೇಬೇಕು: ಶಾಖವೋ, ತೇವವೋ, ಅದುರಾಟವೋ, ಬ್ಯಾಟರಿಯ ಶಕ್ತಿಯೋ. ಆ ಬದಲಾವಣೆಯನ್ನು ಪತ್ತೆಮಾಡಿ, ದೋಷವು ತಲೆದೋರಿದ ಕ್ಷಣದಲ್ಲಿಯೇ ಅದನ್ನು ಅಳೆಯುವುದು ಸರಿಯಾದ ಮಾರ್ಗ. ಅದು ಹೇಗೆಂಬುದನ್ನು ಈಗ ನೋಡೋಣ.

ಮೊದಲ ಪ್ರಶ್ನೆ

ಹಿಂದೆ ಎಂಜಿನ್ನನ್ನು ಕೈಯಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದೆದು ಎಷ್ಟೋ ಜನರ ಕೈಮೂಳೆಗಳು ಮುರಿದುವು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕಷ್ಟವು ಕ್ರಮೇಣ ನೀಗಿತು. ನಮ್ಮ ಚಾಲಕರು ‘ಸೆಲ್ಫ್’ ಎನ್ನುವುದು ಈ ಸಾಧನವನ್ನೇ.

ಎಂಜಿನ್ನು ಹೊರಡಲು ಎರಡು ಕೆಲಸಗಳು ಒಂದಾದ ಮೇಲೊಂದು ನಡೆಯಬೇಕು. ಮೊದಲು ಸೆಲ್ಫ್ ಎಂಜಿನ್ನನ್ನು ತಿರುಗಿಸಬೇಕು. ಬಳಿಕ ಪೆಟ್ರೋಲು, ಗಾಳಿ, ಕಿಡಿ ಇವು ಕೂಡಿ ಎಂಜಿನ್ನು ತಾನೇ ಹತ್ತಿಕೊಳ್ಳಬೇಕು. ಆದುದರಿಂದ ಗಾಡಿ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಎಂಜಿನ್ನು ತಿರುಗಲೇ ಇಲ್ಲವೆ, ಅಥವಾ ತಿರುಗಿಯೂ ಹತ್ತಿಕೊಳ್ಳಲಿಲ್ಲವೆ? ಈ ಒಂದು ಉತ್ತರದಿಂದ ಹುಡುಕಬೇಕಾದ ಸ್ಥಳ ಅರ್ಧಕ್ಕೆ ಇಳಿಯುತ್ತದೆ.

ತಿರುಗದಿದ್ದರೆ ಕಿವಿಗೊಟ್ಟು ಕೇಳಬೇಕು. ಸದ್ದೇ ಇಲ್ಲವಾದರೆ ಸೆಲ್ಫಿಗೆ ಅಪ್ಪಣೆ ಒಯ್ಯುವ ಸಣ್ಣ ತಂತಿಯ ದಾರಿಯನ್ನು, ಎಂದರೆ ಕೀಲಿಯ ಸ್ವಿಚ್ಚು, ರಿಲೇ, ಕ್ಲಚ್ಚಿನ ಅಥವಾ ಗೇರಿನ ಸ್ವಿಚ್ಚು ಇವನ್ನು ಸಂಶಯಿಸಬೇಕು. ‘ಟಕ್’ ಎಂಬ ಒಂದೇ ಸದ್ದು ಬಂದು ಸುಮ್ಮನಾದರೆ ಅಪ್ಪಣೆ ಬಹುಮಟ್ಟಿಗೆ ತಲಪಿದೆ, ಬಲ ಸಾಲದೆ ಬಂದಿದೆ ಎಂದು ಅರ್ಥ.

ದೀಪ ಉರಿದರೆ ಸಾಕೆ?

ಇಲ್ಲಿ ಅನೇಕರು ಮೋಸಹೋಗುತ್ತಾರೆ. ಹೆಡ್‌ಲೈಟು ಪ್ರಕಾಶವಾಗಿ ಉರಿಯುತ್ತದೆ. ಆದುದರಿಂದ ಬ್ಯಾಟರಿಯೂ ತಂತಿಗಳೂ ಸರಿಯಾಗಿವೆ ಎಂದು ತೀರ್ಮಾನಿಸುತ್ತಾರೆ. ಇದು ಏಕೆ ತಪ್ಪೆಂಬುದನ್ನು ಜರ್ಮನಿಯ ಓಮ್ ಎಂಬ ವಿಜ್ಞಾನಿಯು 1827ರಲ್ಲಿ ಪ್ರಕಟಿಸಿದ ನಿಯಮವು ತಿಳಿಸುತ್ತದೆ. ತಂತಿಯಲ್ಲಿ ನಷ್ಟವಾಗುವ ವೋಲ್ಟೇಜು ಅದರ ರೋಧವನ್ನೂ ಹರಿಯುವ ಪ್ರವಾಹವನ್ನೂ ಗುಣಿಸಿದಷ್ಟು ಎಂಬುದು ಆ ನಿಯಮ.

ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಕಿಲುಬು ಹತ್ತಿ 0.02 ಓಮ್‌ನಷ್ಟು ರೋಧ ಉಂಟಾಗಿದೆಯೆಂದು ಇಟ್ಟುಕೊಳ್ಳೋಣ. ದೀಪಕ್ಕೆ 5 ಆಂಪಿಯರ್ ಪ್ರವಾಹ ಸಾಕು. ಆಗಿನ ನಷ್ಟ 0.1 ವೋಲ್ಟ್, ಕಣ್ಣಿಗೆ ತಿಳಿಯುವುದೇ ಇಲ್ಲ. ಆದರೆ ಸಣ್ಣ ಕಾರಿನ ಸೆಲ್ಫಿಗೆ ಸುಮಾರು 150 ಆಂಪಿಯರ್ ಬೇಕು. ಅಷ್ಟು ಪ್ರವಾಹ ಹರಿಯಬೇಕಾದರೆ ಅದೇ ಕೀಲಿನಲ್ಲಿ 3 ವೋಲ್ಟ್ ಸೋರಿಹೋಗುತ್ತದೆ! 12 ವೋಲ್ಟಿನ ಗಾಡಿಗೆ ಇದು ಭಾರಿ ನಷ್ಟ. ಎಂಜಿನ್ನನ್ನು ತಿರುಗಿಸುವ ಬಲ ಸೆಲ್ಫಿಗೆ ಉಳಿಯುವುದಿಲ್ಲ. ಈ ಕಿಲುಬಿನ ಕೀಲು ಶಾಖಕ್ಕೆ ಹಿಗ್ಗಿ ತಣಿದಾಗ ಕುಗ್ಗುತ್ತದೆ, ರಸ್ತೆಯ ಕುಲುಕಾಟಕ್ಕೆ ಕದಲುತ್ತದೆ. ಒಮ್ಮೆ ಒಳ್ಳೆಯ ಸಂಪರ್ಕ, ಒಮ್ಮೆ ಕೆಟ್ಟ ಸಂಪರ್ಕ. ಹಠದ ಗುಟ್ಟು ಎಷ್ಟೋ ವೇಳೆ ಇಷ್ಟೇ.

ಇಂಥ ಅಲ್ಪ ರೋಧವನ್ನು ಸಾಧಾರಣ ಮೀಟರಿನ ಓಮ್ ಅಳತೆಯಿಂದ ಕಾಣಲಾಗದು. ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ. ಆದರೆ ಪ್ರವಾಹ ಹರಿಯುತ್ತಿರುವಾಗ ವೋಲ್ಟೇಜನ್ನು ಅಳೆದರೆ ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ.

ಅಳೆಯುವ ಕ್ರಮ

ಗೇರನ್ನು ನ್ಯೂಟ್ರಲ್ಲಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದಿರಿ. ಬ್ಯಾಟರಿಯಿಂದ ಜಲಜನಕ ಹೊರಡಬಹುದಾದ್ದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಉಂಗುರ, ಕಡಗಗಳನ್ನು ತೆಗೆದಿಡಿರಿ. ಸೆರಗು, ಅಂಗವಸ್ತ್ರಗಳು ಬೆಲ್ಟಿನ ಬಳಿ ಇರದಿರಲಿ. ಮೀಟರನ್ನು ವೋಲ್ಟಿನ ಅಳತೆಯಲ್ಲಿಯೇ ಇಡಬೇಕು. ಪ್ರತಿಯೊಂದು ಅಳತೆಯನ್ನೂ ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗಲೇ, ಕೆಲವು ಸೆಕೆಂಡುಗಳಲ್ಲಿ ಮುಗಿಸಬೇಕು.

ಮೊದಲು ಬ್ಯಾಟರಿಯ ಎರಡು ಧ್ರುವಗಳ ನಡುವೆ ಅಳೆಯಿರಿ. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುತ್ತದೆ. ಸೆಲ್ಫ್ ತಿರುಗುವಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಬೇಕು.

ಎರಡನೆಯದಾಗಿ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವದ ಸೀಸದ ಮೇಲೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹದ ಮೇಲೂ ಒತ್ತಿರಿ. ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ತಂತಿಯಲ್ಲಿ ಅಥವಾ ಅದರ ಬೋಲ್ಟಿನಲ್ಲಿ ದೋಷವಿದೆ. ಧನ ಧ್ರುವಕ್ಕೂ ಸೆಲ್ಫಿನ ದಪ್ಪ ಟರ್ಮಿನಲ್ಲಿಗೂ ನಡುವೆ ಇದೇ ಪರೀಕ್ಷೆ.

ಇವೆಲ್ಲ ಸರಿಯಿದ್ದು, ಅಪ್ಪಣೆಯ ತಂತಿಗೂ ಮೋಟಾರಿಗೂ ವೋಲ್ಟೇಜು ತಕ್ಕಷ್ಟು ತಲಪುತ್ತಿದ್ದರೂ ಅದು ತಿರುಗದಿದ್ದರೆ ಮಾತ್ರ ಸೆಲ್ಫನ್ನು ಬಿಚ್ಚುವ ಮಾತು. ಮೆಲ್ಲಗೆ ತಟ್ಟಿದಾಗ ಅದು ತಿರುಗಿದರೆ, ಒಳಗಿನ ಇಂಗಾಲದ ಬ್ರಷ್ಷುಗಳು ಸವೆದಿರುವ ಸಂಭವ ಹೆಚ್ಚು; ತಟ್ಟಿದ ಅದುರಿಗೆ ಅವು ಕ್ಷಣಕಾಲ ಸಂಪರ್ಕ ಪಡೆಯುತ್ತವೆ.

ಬಿಸಿಯಾದಾಗ ಬರುವ ದೋಷ

ಎಂಜಿನ್ನು ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲನ್ನೂ ಕಿಡಿಯನ್ನೂ ವಿಚಾರಿಸಬೇಕು. ಕಾರ್ಬುರೇಟರಿನ ಹಳೆಯ ಕಾರುಗಳು ಘಟ್ಟ ಹತ್ತಿ ನಿಂತಾಗ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಪಂಪಿನ ಕೆಲಸ ಕೆಡುತ್ತಿತ್ತು. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಆವಿಯನ್ನು ಮತ್ತೆ ದ್ರವವಾಗಿಸುತ್ತಿದ್ದರು. ಈಚಿನ ಕಾರುಗಳಲ್ಲಿ ಪೆಟ್ರೋಲು ಹೆಚ್ಚಿನ ಒತ್ತಡದಲ್ಲಿರುವುದರಿಂದ ಈ ತೊಂದರೆ ವಿರಳ. ಅದರ ಬದಲು ಕ್ರ್ಯಾಂಕ್ ಸೆನ್ಸರ್ ಎಂಬ ಪುಟ್ಟ ಸಾಧನ ಕೈಕೊಡುವುದುಂಟು. ಕೆಲವು ಬಗೆಯ ಸೆನ್ಸರುಗಳೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಬಿರುಕಿದ್ದರೆ ಬಿಸಿಯೇರಿದಾಗ ತುಂಡುಗಳು ಅಗಲುತ್ತವೆ, ತಣಿದಾಗ ಕೂಡುತ್ತವೆ. ಅದರ ಸಂಕೇತವಿಲ್ಲದಿದ್ದರೆ ಅನೇಕ ಕಾರುಗಳಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ತಣ್ಣಗಿರುವ ಗಾಡಿಯಲ್ಲಿ ಇದನ್ನು ಪರೀಕ್ಷಿಸಿದರೆ ಫಲವಿಲ್ಲ. ಬಿಸಿಯಾಗಿ ನಿಂತಾಗಲೇ ಪರೀಕ್ಷಿಸಬೇಕು.

ಆದಕಾರಣ ಗಾಡಿಯಲ್ಲಿ ಒಂದು ಸಣ್ಣ ಪುಸ್ತಕವಿರಲಿ. ಪ್ರತಿಸಲ ನಿಂತಾಗಲೂ ಹೊತ್ತು, ಬಿಸಿಲೋ ಮಳೆಯೋ, ಎಂಜಿನ್ನು ಬಿಸಿಯೋ ತಣ್ಣಗೋ, ತಿರುಗಿತೋ ಇಲ್ಲವೋ, ಯಾವ ದೀಪ ಉರಿಯಿತು, ಎಷ್ಟು ಹೊತ್ತಿಗೆ ಹೊರಟಿತು ಎಂಬುದನ್ನು ಬರೆದಿಡಬೇಕು. ನಾಲ್ಕೈದು ಸಲ ಬರೆದರೆ ದೋಷದ ನಡೆ ತಾನಾಗಿ ಗೋಚರಿಸತೊಡಗುತ್ತದೆ.

ವಾಸಿಯಾಯಿತೆಂದು ಹೇಳುವುದು ಯಾವಾಗ?

ಇನ್ನೊಂದು ಸಂಗತಿ ಉಳಿದಿದೆ. ಭಾಗವೊಂದನ್ನು ಬದಲಾಯಿಸಿದ ಮೇಲೆ ಐದು ಸಲ ಗಾಡಿ ಹೊರಟಿತೆಂದು ದುಡ್ಡು ಕೊಟ್ಟು ಮನೆಗೆ ಬರುತ್ತೇವೆ. ಮೊದಲು ಹತ್ತು ಸಲದಲ್ಲಿ ಒಮ್ಮೆ ಮಾತ್ರ ಕೈಕೊಡುತ್ತಿದ್ದ ಗಾಡಿಯಾದರೆ, ಏನೂ ದುರಸ್ತಿಯಾಗದಿದ್ದರೂ ಅದು ಐದು ಸಲ ಸತತವಾಗಿ ಹೊರಡುವ ಸಂಭವ 100ಕ್ಕೆ 59! ಈ ಸಂಭವವು 100ಕ್ಕೆ 5ಕ್ಕಿಂತ ಕೆಳಗಿಳಿಯಬೇಕಾದರೆ 29 ಸಲ ಸತತವಾಗಿ ಹೊರಡಬೇಕು. ಅದೂ, ಮೊದಲು ಕೆಡುತ್ತಿದ್ದಂಥ ಸಂದರ್ಭಗಳಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಕೆಡುವ ಗಾಡಿ ಬೆಳಗಿನ ತಂಪಿನಲ್ಲಿ ನೂರು ಸಲ ಹೊರಟರೂ ಅದು ಸಾಕ್ಷಿಯಾಗದು.

ದುರಸ್ತಿಗೆ ಮುಂಚೆ 3 ವೋಲ್ಟ್ ಇದ್ದ ನಷ್ಟ, ಟರ್ಮಿನಲ್ಲನ್ನು ಉಜ್ಜಿ ಬಿಗಿದ ಮೇಲೆ 0.2 ವೋಲ್ಟಿಗೆ ಇಳಿದರೆ, ಅದು 29 ಸಲದ ಕಾಯುವಿಕೆಗಿಂತ ಒಳ್ಳೆಯ ಸಾಕ್ಷಿ. ಹೀಗೆ ಮುಂಚೆ ಒಂದು, ಆಮೇಲೆ ಒಂದು ಅಳತೆಯನ್ನು ಬರೆದು ತೋರಿಸುವಂತೆ ವಾಚಕರು ತಮ್ಮ ಮೆಕ್ಯಾನಿಕ್ಕನ್ನು ಕೇಳಬಹುದು. ಒಳ್ಳೆಯ ಕುಶಲಿಯು ಇದಕ್ಕೆ ಬೇಸರಪಡಲಾರನು.