ಅರಮನೆ ಉಳಿಯದ ಊರಿನ ಅರಮನೆ ಹೋಟೆಲು

ಟೋಕಿಯೊದ ಓತೆಮಾಚಿ ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ಕಿಕ್ಕಿರಿದ ಪೇಟೆ. 2016ರಲ್ಲಿ ಅಲ್ಲಿ ಬಾಗಿಲು ತೆರೆದ ಹೊಶಿನೋಯಾ ಹೋಟೆಲು ಹೊರಗಿನಿಂದ ನೋಡಿದರೆ ನೆರೆಹೊರೆಯವುಗಳಂತೆಯೇ ಒಂದು ಎತ್ತರದ ಕಟ್ಟಡ. 17 ಮಹಡಿ, 84 ಕೋಣೆ. ಸುತ್ತಿದ ಜಾಲರಿಯಲ್ಲಿ ಹಳೆಯ ಕಿಮೊನೊ ಬಟ್ಟೆಯ ಸಣ್ಣ ಚಿತ್ತಾರವಿದೆ, ಅಷ್ಟೆ. ಬಾಗಿದ ಮಾಡಿನ ಗುಡಿಯಾಗಲಿ, ಕೆಂಪು ಬಣ್ಣದ ತೋರಣಗಂಬವಾಗಲಿ ಇಲ್ಲ. ಜಪಾನು ಕಾಣಿಸುವುದು ಹೊಸ್ತಿಲು ದಾಟಿದ ಮೇಲೆ. ಬಾಗಿಲಲ್ಲೇ ಬೂಟು ಬಿಚ್ಚಬೇಕು. ಲಿಫ್ಟಿನ ನೆಲಕ್ಕೂ ತತಾಮಿ ಚಾಪೆ. ಒಂದು ಮಹಡಿಗೆ ಆರೇ ಕೋಣೆ, ಆ ಆರಕ್ಕೂ ಸೇರಿ ಚಹಾ ಕುಡಿಯಲು ಒಂದು ಪಡಸಾಲೆ. ಮೇಲಿನ ಮಹಡಿಯ ಸ್ನಾನಕ್ಕೆ 1,500 ಮೀಟರ್ ಆಳದಿಂದ ಎತ್ತಿದ ಬಿಸಿನೀರು. ರ್‍ಯೋಕಾನ್ ಎಂಬ ಹಳೆಯ ತಂಗುಮನೆಗಳ ಗೋಡೆ ಮಾಡುಗಳನ್ನು ಬಿಟ್ಟು, ಅಲ್ಲಿನ ನಡಾವಳಿಯನ್ನು ಮಾತ್ರ ಎತ್ತಿಕೊಂಡು ಕಟ್ಟಿದ ಹೋಟೆಲು ಇದು. ಜಪಾನಿನ ಗಾಳಿ ಬೀಸಿದ ಹೋಟೆಲುಗಳು ಈಗ ಜಗತ್ತಿನ ಬಹಳಷ್ಟು ಮಹಾನಗರಗಳಲ್ಲಿವೆ. ಅವುಗಳಲ್ಲಿ ಗಟ್ಟಿ ಯಾವುದು ಜಳ್ಳು ಯಾವುದು ಎಂದು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಿಕ್ಕಿಲ್ಲ: ಹಳೆಯದರ ರೂಪ ತಂದಿದ್ದಾರೋ, ರೀತಿ ತಂದಿದ್ದಾರೋ?

ಅದೇ ತಕ್ಕಡಿಯಲ್ಲಿ ನಮ್ಮ ಸೀಮೆಯದನ್ನೂ ಇಟ್ಟು ನೋಡಬಹುದು. ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಹೆಚ್ಚೂಕಡಿಮೆ ಅದೇ ಹೊತ್ತಿಗೆ ‘ಕಮಲಾಪುರ ಪ್ಯಾಲೇಸ್’ ಎಂಬ ಹೋಟೆಲು ಎದ್ದಿತು. ಕೊಡಗಿನ ಕಾಫಿ ತೋಟದಿಂದ ಬೆಳೆದು ಬಂದ, ಮೊದಲು ಆರೆಂಜ್ ಕೌಂಟಿ ಎನಿಸಿಕೊಂಡಿದ್ದು ಈಗ ಎವಾಲ್ವ್ ಬ್ಯಾಕ್ ಆಗಿರುವ ಸಂಸ್ಥೆಯದು. ಹಂಪಿಯ ಕಮಲ ಮಹಲಿನಿಂದ ಎತ್ತಿಕೊಂಡ ಕಮಾನುಗಳು, ಉದ್ದನೆಯ ಮೊಗಸಾಲೆಗಳು, ಕಲ್ಲುಹಾಸಿನ ಓಣಿ, ನಡುವೆ ನೀರು. ಕೋಣೆಗಳಿಗೆ ನಿವಾಸ, ಜನಾನಾ, ಜಲಮಹಲ್ ಎಂಬ ಹೆಸರುಗಳು. ಊಟದ ಮನೆ ಎರಡು: ಒಂದು ತುಳುವ, ಇನ್ನೊಂದು ಬಹಮನಿ. 1565ರ ಯುದ್ಧದಲ್ಲಿ ಎದುರುಬದುರಾಗಿ ನಿಂತವರು ಬಹಮನಿ ರಾಜ್ಯ ಒಡೆದು ಹುಟ್ಟಿದ ಸುಲ್ತಾನರು ಮತ್ತು ತುಳುವ ವಂಶದ ವಿಜಯನಗರದವರು. ಆ ಎರಡು ಹೆಸರುಗಳು ಇಲ್ಲಿ ಒಂದೇ ಮಾಡಿನಡಿ ಅನ್ನ ಬಡಿಸುತ್ತಿವೆ. ಹೆಸರಿಟ್ಟವರಿಗೆ ಚರಿತ್ರೆಯ ಜೊತೆಗೆ ತಮಾಷೆಯ ಬುದ್ಧಿಯೂ ಇದ್ದಿರಬೇಕು.

ಆದರೆ ವಿಜಯನಗರದ ಮಾದರಿಯಲ್ಲಿ ಅರಮನೆ ಕಟ್ಟುತ್ತೇವೆ ಎನ್ನುವವರಿಗೆ ಮೊದಲ ತೊಡಕು ಅಲ್ಲೇ ಕಾದಿದೆ: ನೋಡಿ ಕಟ್ಟಲು ಅರಮನೆಯೇ ಉಳಿದಿಲ್ಲ. ಹಂಪಿಯ ರಾಜಾಂಗಣದಲ್ಲಿ ಅಗೆದಾಗ ಸಿಕ್ಕಿದ್ದು ಕಲ್ಲಿನ ಅಧಿಷ್ಠಾನಗಳು, ಕಂಬ ನಿಲ್ಲಿಸಿದ ಗುರುತುಗಳು, ಮೆಟ್ಟಿಲುಗಳು. ಮೇಲಿನದೆಲ್ಲ ಮರದ್ದು, ಸುಟ್ಟುಹೋಯಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಅರಮನೆಯೊಳಗೆ ಇಡಿಯಾಗಿ ದಂತದ ಕೆಲಸವಿದ್ದ ಕೋಣೆಯೊಂದನ್ನು, ಕಂಬಗಳ ಮೇಲಿನ ದಂತದ ಗುಲಾಬಿ ತಾವರೆಗಳನ್ನು ವರ್ಣಿಸಿದ್ದಾನೆ. ಬೇರೆ ಬೇರೆ ನಾಡಿನವರು, ಪೋರ್ಚುಗೀಸರೂ ಸೇರಿ, ಹೇಗೆ ಬದುಕುತ್ತಾರೆಂದು ತೋರಿಸುವ ಚಿತ್ರಗಳು ಅಲ್ಲಿದ್ದವಂತೆ. ಅದರಲ್ಲಿ ಒಂದು ಚೂರೂ ನಮಗೆ ಉಳಿದಿಲ್ಲ. ಕಮಲ ಮಹಲ್ ಉಳಿದದ್ದು ಇಟ್ಟಿಗೆ ಗಾರೆಯದಾದ್ದರಿಂದ. ಅಲ್ಲಿ ರಾಜರು ಮಲಗುತ್ತಿದ್ದರು ಎನ್ನುವುದಕ್ಕೆ ಆಧಾರವಿಲ್ಲ. ನಾಲ್ಕೂ ಕಡೆ ತೆರೆದ ಆ ಮಂಟಪ ಕೂತು ಮಾತಾಡುವುದಕ್ಕೇ ಹೆಚ್ಚು ಒಪ್ಪುತ್ತದೆ. ಹಾಗಾಗಿ ಕಮಾನಿನ ಕೆಳಗೆ ಮಂಚ ಹಾಕಿದ ಹೋಟೆಲಿನ ಕೋಣೆ ವಿಜಯನಗರದ ನಕಲೂ ಅಲ್ಲ; ಕಲ್ಪನೆ.

ಹಾಗಾದರೆ ಇದೆಲ್ಲ ನಾಟಕದ ಪರದೆ, ಅಸಲಿ ಹಂಪಿ ಎರಡು ಹೆಜ್ಜೆ ಆಚೆ ಇರುವಾಗ ಹುಸಿ ಹಂಪಿ ಯಾಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಗೆ ಉತ್ತರ ಹೇಳಲು ಕಮಲ ಮಹಲೇ ಸಾಕು. ಅದರ ತಳ ದೇವಸ್ಥಾನದ್ದು, ಮೂಲೆಮೂಲೆಗೂ ಮುಂಚಾಚಿ ಹಿಂಸರಿದ ಕಲ್ಲುಪಟ್ಟಿಗಳು. ಅದರ ಮೇಲೆ ಏರಿದ ಕಮಾನುಗಳು ಸುಲ್ತಾನರ ಕಲಬುರಗಿ ಬೀದರಿನವು, ಒಂದರೊಳಗೊಂದು ಎಸಳೆಸಳಾಗಿ ಹಿಂದೆ ಸರಿಯುತ್ತವೆ. ಗಾರೆಯಲ್ಲಿ ಬಳ್ಳಿ, ಹಕ್ಕಿ. ನೆತ್ತಿಯಲ್ಲಿ ಮತ್ತೆ ಗುಡಿಯಂಥ ಮೆಟ್ಟಿಲು ಮೆಟ್ಟಿಲಿನ ಒಂಬತ್ತು ಶಿಖರಗಳು. ಆನೆ ಲಾಯದ ಹನ್ನೊಂದು ಅಂಕಣಗಳ ಮೇಲಿನ ಗುಮ್ಮಟಗಳೂ ಇದೇ ಜಾತಿಯವು. ಆಸ್ಥಾನದವರು ಉದ್ದ ಕುಲ್ಲಾಯಿ, ಕಬಾಯಿ ತೊಡುತ್ತಿದ್ದದ್ದೂ ಆಚೆ ಕಡೆಯಿಂದ ಬಂದ ಪದ್ಧತಿ. ಎಂದಮೇಲೆ ಪರರ ರೂಪವನ್ನು ಎರವಲು ತರುವುದು ವಿಜಯನಗರದ ದೃಷ್ಟಿಯಲ್ಲಿ ತಪ್ಪೇ ಅಲ್ಲ, ಠೀವಿಯ ಲಕ್ಷಣ. ಒಂದೇ ವ್ಯತ್ಯಾಸ: ತಂದದ್ದನ್ನು ಅವರು ಇಲ್ಲಿನ ಗಾರೆಗೆ, ಇಲ್ಲಿನ ಬಿಸಿಲಿಗೆ, ಇಲ್ಲಿನ ಕೈಗೆ ಒಗ್ಗಿಸಿಕೊಂಡರು. ರಾಣಿಯ ಸ್ನಾನಗೃಹ ಹೊರಗಿನಿಂದ ಬೋಳು ಗೋಡೆ, ಸುತ್ತ ಕಂದಕ. ಒಳಹೊಕ್ಕರೆ ಚೌಕಾಕಾರದ ಕೊಳ, ಮುಂಚಾಚಿದ ಉಪ್ಪರಿಗೆಗಳು, ಒಂದಕ್ಕಿಂತ ಒಂದು ಬೇರೆಯಾದ ಗಾರೆ ಕೆಲಸ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲನ್ನು ಬಲ್ಲವರು ಕಟ್ಟಿದ್ದು ಅದು. ಇಂದಿನ ಹೋಟೆಲು ಹಂಪಿಯಿಂದ ಒಂದೇ ಒಂದನ್ನು ಕಲಿಯುವುದಾದರೆ ಕಮಾನಿಗಿಂತ ಮೊದಲು ಈ ಒಳಮುಖದ ಅಂಗಳವನ್ನು, ನೀರನ್ನು ನೆರಳಿನಲ್ಲಿಡುವ ಜಾಣ್ಮೆಯನ್ನು ಕಲಿಯಬೇಕು.

ಕಟ್ಟಡ ಹಾಗಿರಲಿ, ಅತಿಥಿಯನ್ನು ನಡೆಸಿಕೊಳ್ಳುವ ರೀತಿಗೆ ಈ ಊರಿನದೇ ಬರಹದ ಸಾಕ್ಷಿ ಇದೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೆರಾತಿನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಇಳಿದುಕೊಳ್ಳಲು ಒಂದು ಎತ್ತರದ ಮನೆ ಸಿಕ್ಕಿತು. ದಿನಾ ಬರುತ್ತಿದ್ದದ್ದು ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಗಮನಿಸಬೇಕಾದ್ದು, ಬೇಯಿಸಿದ ಊಟವನ್ನು ತಂದು ಮುಂದಿಡಲಿಲ್ಲ, ಪಡಿ ಕಳಿಸಿದರು. ತನ್ನ ರುಚಿ, ತನ್ನ ಆಚಾರದಂತೆ ಅಡಿಗೆ ಮಾಡಿಸಿಕೊಳ್ಳುವ ಸ್ವಾತಂತ್ರ್ಯ ಬಂದವನಿಗೆ ಉಳಿಯಿತು. ರಾಜನ ಭೇಟಿಯಾದರೆ ವೀಳ್ಯ, ಕರ್ಪೂರ. ಐಷಾರಾಮಿ ಹೋಟೆಲುಗಳು ಇಂದು ಯಾವುದಕ್ಕೆ ದುಡ್ಡು ಪಡೆಯುತ್ತವೋ ಆ ಗುಣ, ಕೇಳುವ ಮೊದಲೇ ಬೇಕಾದ್ದನ್ನು ಅರಿಯುವುದು, ಆರುನೂರು ವರ್ಷದ ಹಿಂದೆ ತುಂಗಭದ್ರೆಯ ದಡದಲ್ಲಿ ಇತ್ತು.

ಜಪಾನಿನದು ಕಡಿಯದ ಎಳೆ, ನಮ್ಮದು 1565ರಲ್ಲಿ ಕಡಿದದ್ದು, ಹೋಲಿಕೆ ಎಲ್ಲಿಯದು ಎನ್ನಬಹುದು. ನಿಜ, ಇಶಿಕಾವಾದ ಹೋಶಿ ಎಂಬ ರ್‍ಯೋಕಾನ್ ತಾನು 718ರಿಂದ ಒಂದೇ ಮನೆತನದಲ್ಲಿ ನಡೆದುಬಂದಿದ್ದೇನೆ ಎನ್ನುತ್ತದೆ. ಹಂಪಿಯಲ್ಲಿ ಅಂಥ ಮನೆ ಇಲ್ಲ. ಆದರೆ ಸುಟ್ಟದ್ದು ಅರಮನೆ, ಸೀಮೆಯಲ್ಲ. ವಿಜಯನಗರದ ತುರ್ತಾ ಕಾಲುವೆ ಇವತ್ತಿಗೂ ಹಂಪಿಯ ಬಾಳೆತೋಟಕ್ಕೆ ನೀರುಣಿಸುತ್ತದೆ, ಕಮಲಾಪುರದ ಕೆರೆ ಈಗಲೂ ಕೆರೆಯೇ. ಹೊಳೆಯಾಚೆ ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಹೆಣಿಗೆಯನ್ನು ಊರ ಹೆಂಗಸರ ಕಸುಬಾಗಿಸಿತು. ಹಳ್ಳಿಮನೆಯ ರೀತಿಯಲ್ಲೇ ಪ್ರವಾಸಿಗರಿಗೆ ತಂಗುವ ವ್ಯವಸ್ಥೆಯೂ ಆ ಊರಿನಲ್ಲಿ ಬೆಳೆಯಿತು. ಇತ್ತ ಸಂಡೂರಿನಲ್ಲಿ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ತಾನೇ ಹೋಟೆಲಾಗಿದೆ. ಅದಕ್ಕೆ ಯಾವುದರ ಮಾದರಿಯೂ ಬೇಕಿಲ್ಲ.

ಗಟ್ಟಿಯಾದ ಆಕ್ಷೇಪಣೆ ಇನ್ನೊಂದು, ಅದನ್ನು ಹಾರಿಸಿ ಹೋಗುವಂತಿಲ್ಲ. ಹಂಪಿಯೆದುರು ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಅಗ್ಗದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಲಾಯಿತು. ಅದಕ್ಕೂ ಮೊದಲು 2011ರಲ್ಲಿ ಹಂಪಿ ಬಜಾರಿನ ಅಂಗಡಿ ಮನೆಗಳು ಹೋದವು. ಪಾರಂಪರಿಕ ತಾಣ ಉಳಿಸಲು ಅದು ಬೇಕಿತ್ತು ಎಂಬ ವಾದಕ್ಕೆ ತೂಕವಿದೆ. ಆದರೂ ಆತಿಥ್ಯದ ಕಸುಬು ಸಣ್ಣವರ ಕೈತಪ್ಪಿ ದೊಡ್ಡ ಬಂಡವಾಳದ ಕಡೆ ಸರಿದದ್ದು ಸುಳ್ಳಲ್ಲ. ಒಂದು ರಾತ್ರಿಗೆ ಕೂಲಿಯವನ ತಿಂಗಳ ದುಡಿಮೆ ಕೇಳುವ ಕೋಣೆಯಿಂದ ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಹಳ್ಳಿಯವರಿಗೆ ಏನು ಬಂತು?

ರೂಪದಿಂದ ಏನೂ ಬಾರದು. ಬರುವುದೇನಿದ್ದರೂ ಕೈಕೆಲಸಕ್ಕೆ ಕೊಡುವ ಬೆಲೆಯಿಂದ. ಅದೇ ಸಂಡೂರು ತಾಲ್ಲೂಕಿನ ಲಂಬಾಣಿ ತಾಂಡಾಗಳ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಜಿ20 ಸಭೆಗೆಂದು ಹಂಪಿಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಇಟ್ಟಾಗ ಅದು ಗಿನ್ನೆಸ್ ದಾಖಲೆಯೂ ಆಯಿತು. ಒರಟು ಬಟ್ಟೆಯ ಮೇಲೆ ಕೆಂಪು ಹಳದಿ ದಾರದಲ್ಲಿ ಮಾಕಿ, ನಕ್ರಾ ಹೊಲಿಗೆ ಹಾಕಿ, ಕನ್ನಡಿ ಚೂರಿನ ಸುತ್ತ ಎಳೆ ಎಳೆಯಾಗಿ ಬಿಗಿದು, ಅಂಚಿಗೆ ಕವಡೆ ಪೋಣಿಸುವ ಕೆಲಸ ಯಂತ್ರದ ವೇಗಕ್ಕೆ ಸಿಗುವುದಲ್ಲ. ಸಂತೆಯ ಬೆಲೆಗೆ ಅದು ಗಿಟ್ಟುವುದಿಲ್ಲ. ದುಬಾರಿ ಕೋಣೆಯ ಹೊದಿಕೆಗೆ, ಗೋಡೆಗೆ, ದಿಂಬಿಗೆ ಅದನ್ನು ವರ್ಷ ವರ್ಷವೂ ಕೊಳ್ಳುವ ಗಿರಾಕಿ ಇದ್ದರೆ ಮಾತ್ರ ಮಗಳು ತಾಯಿಯಿಂದ ಸೂಜಿ ಪಡೆಯುತ್ತಾಳೆ. ಜಪಾನಿನಲ್ಲಿ ತತಾಮಿ ಚಾಪೆ ಮಾಡುವವರಿಗೆ ತಂಗುಮನೆಗಳು ಇಂದಿಗೂ ಗಿರಾಕಿಗಳು. ಕಮಲಾಪುರದ ಹೋಟೆಲು ಅತಿಥಿಗಳಿಗೆ ವಿರೂಪಾಕ್ಷ, ರಾಯ, ತುಂಗಭದ್ರಾ ಎಂಬ ಹೆಸರಿನ ನಡಿಗೆಗಳನ್ನು ಇಟ್ಟಿದೆ. ನನ್ನ ಮಟ್ಟಿಗೆ ಅದರ ಕಮಾನುಗಳಿಗಿಂತ ಈ ನಡಿಗೆಗಳೇ ಹೆಚ್ಚು ವಿಜಯನಗರದವು, ಬಂದವರನ್ನು ಊರಿನ ಎದುರು ನಿಲ್ಲಿಸುತ್ತವೆಂಬ ಕಾರಣಕ್ಕೆ. ಕೋಣೆ ಕಾದಿರಿಸುವ ಮೊದಲು ಈಜುಕೊಳ ಎಷ್ಟುದ್ದ ಎಂದು ಕೇಳುವವರು ಮಂಚದ ಹೊದಿಕೆ ಯಾವ ತಾಂಡಾದ್ದು, ಮಾಡಿದವರಿಗೆ ಎಷ್ಟು ಕೊಟ್ಟಿರಿ ಎಂದೂ ಕೇಳಿದರೆ ಹೋಟೆಲಿನವರು ಲೆಕ್ಕ ಇಡಲೇಬೇಕಾಗುತ್ತದೆ.