ನಿಮಗಿದು ಗೊತ್ತೆ? ಕೋರ್ಟ್ ಮೆಟ್ಟಿಲೇರಿದ ಹಕ್ಕಿ

ಅಮೆರಿಕದಲ್ಲಿ 1978ರಲ್ಲಿ ದಾಖಲಾದ ದಾವೆಯೊಂದರ ಮೊದಲ ವಾದಿ ಮನುಷ್ಯನಲ್ಲ, ಹಕ್ಕಿ. ಹೆಸರು ಪಲೀಲ.

ಹಳದಿ ತಲೆ, ಬೂದು ಬೆನ್ನು, ಗಿಡ್ಡ ದಪ್ಪ ಕೊಕ್ಕಿನ ಈ ಹಕ್ಕಿ ಈಗ ಉಳಿದಿರುವುದು ಹವಾಯಿ ದ್ವೀಪದ ಮೌನಾ ಕೆಯಾ ಪರ್ವತದ ಇಳಿಜಾರಿನಲ್ಲಿ ಮಾತ್ರ, ಸುಮಾರು 2,000 ಮೀಟರ್‌ಗೂ ಮೇಲಿನ ಒಣಕಾಡಿನಲ್ಲಿ. ಬದುಕೆಲ್ಲ ಮಾಮಾನೆ ಮರದ ಸುತ್ತಲೇ. ಕಾಯನ್ನು ಕಾಲಲ್ಲಿ ಅದುಮಿ ಹಿಡಿದು, ಕೊಕ್ಕಿನಿಂದ ಸಿಪ್ಪೆ ಸೀಳಿ ಎಳೆ ಬೀಜ ತಿನ್ನುತ್ತದೆ. ಬೇರೆ ಸಣ್ಣ ಪ್ರಾಣಿಗಳಿಗೆ ವಿಷವಾಗುವ ಬೀಜ ಪಲೀಲಕ್ಕೆ ನಿತ್ಯದ ಊಟ! ಅದೇ ಕಾಯೊಳಗಿನ ಹುಳುಗಳನ್ನು ಹೆಕ್ಕಿ ಮರಿಗಳಿಗೂ ಉಣಿಸುತ್ತದೆ.

ಈ ಮರದ ಸಸಿಗಳನ್ನೇ ಕಾಡುಪಾಲಾದ ಕುರಿ, ಮೇಕೆಗಳು ಮೇಯ್ದು ಮುಗಿಸುತ್ತಿದ್ದವು. ಬೇಟೆಗಾರರಿಗಾಗಿ ಅವನ್ನು ಉಳಿಸಿಕೊಂಡಿದ್ದು ರಾಜ್ಯ ಸರ್ಕಾರವೇ. ಅವನ್ನು ಹೊರಗಟ್ಟಿ ಎಂದು 1979ರಲ್ಲಿ ಕೋರ್ಟ್ ಆದೇಶಿಸಿತು. ಹಕ್ಕಿಯ ಪರ ಬಂದ ಅಪರೂಪದ ತೀರ್ಪು ಅದು.

ಪಲೀಲ ಹವಾಯಿಯ ಹನಿಕ್ರೀಪರ್ ಗುಂಪಿಗೆ ಸೇರಿದ್ದು. ಆ ಗುಂಪನ್ನು ಹಿಂದೆ ಪ್ರತ್ಯೇಕ ಕುಟುಂಬವೆಂದೇ ಎಣಿಸುತ್ತಿದ್ದರು. ಈಗ ಫಿಂಚ್‌ಗಳ ಫ್ರಿಂಜಿಲಿಡೇ ಕುಟುಂಬದೊಳಗೆ ಸೇರಿಸಿದ್ದಾರೆ. ಡಿಎನ್‌ಎ ಪರೀಕ್ಷೆಯ ಪ್ರಕಾರ ಇವುಗಳ ಹತ್ತಿರದ ನೆಂಟರು ಏಷ್ಯಾದ ರೋಸ್‌ಫಿಂಚ್‌ಗಳು. ಚಳಿಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟಕ್ಕೆ ಬರುವ ಕೆಂಬಣ್ಣದ ರೋಸ್‌ಫಿಂಚ್ ಕೂಡ ಅದೇ ಬಳಗದ್ದು.

ತೀರ್ಪು ಬಂದರೂ ಸಂಕಟ ತೀರಿಲ್ಲ. ಬರ, ಕಾಡ್ಗಿಚ್ಚು, ಬೆಕ್ಕುಗಳ ಕಾಟ ಮುಂದುವರಿದಿದ್ದು, ಐಯುಸಿಎನ್ ಪಲೀಲವನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿಟ್ಟಿದೆ.