ದೀಪ ನಿಂತಿತು, ಕೆಲಸ ಮುಗಿಯಿತೆ?

ರಾಜಾಜಿನಗರದ ಫೋಟೋ ಸ್ಟುಡಿಯೋಗಳಲ್ಲಿ, ವಿಜಯನಗರದ ಜೆರಾಕ್ಸ್ ಅಂಗಡಿಗಳಲ್ಲಿ, ಕೆಂಗೇರಿಯ ಡಿ.ಟಿ.ಪಿ. ಕೇಂದ್ರಗಳಲ್ಲಿ ಪೆನ್‌ಡ್ರೈವ್‌ಗಳು ದಿನವೂ ಕೈಯಿಂದ ಕೈಗೆ ಸಾಗುತ್ತವೆ. ಹೆಬ್ಬೆರಳಿನಷ್ಟು ಉದ್ದದ ಈ ವಸ್ತುವಿನಲ್ಲಿ ಒಂದು ಮನೆತನದ ಮದುವೆಯ ಚಿತ್ರಗಳೆಲ್ಲ ಅಡಗಿರಬಹುದು. ವಿದ್ಯಾರ್ಥಿಯೊಬ್ಬನ ವರ್ಷಗಳ ಪರಿಶ್ರಮವಿರಬಹುದು. ತೆರೆಯ ಮೇಲೆ ನೂರಕ್ಕೆ ನೂರು ಎಂದು ಕಂಡೊಡನೆ ಅದನ್ನು ಕಿತ್ತು ಜೇಬಿಗಿಳಿಸುವ ಆತುರಗಾರರು ಹಲವರು. ಮನೆಗೆ ಬಂದು ನೋಡಿದರೆ ಧಾರೆಯ ಚಿತ್ರದ ಮೇಲರ್ಧ ಮಾತ್ರ ಉಳಿದು, ಕೆಳಗೆಲ್ಲ ಬರಿಯ ಬೂದುಬಣ್ಣ!

ಉಣ್ಣುವವನು ಏಳುವ ಮೊದಲೇ ಎಲೆ ಎತ್ತಿದರೆ ಆಗುವ ಅನಾಹುತವೇ ಇದು.

ಗಣಕಯಂತ್ರವು ವೇಗಕ್ಕಾಗಿ ಒಂದು ಉಪಾಯವನ್ನು ಅನುಸರಿಸುತ್ತದೆ. ಬರೆಯಬೇಕಾದ ಮಾಹಿತಿಯನ್ನು ಮೊದಲು ತನ್ನ ಮೆಮೊರಿಯಲ್ಲಿ ಇರಿಸಿಕೊಂಡು, ನಿಧಾನಗತಿಯ ಪೆನ್‌ಡ್ರೈವಿಗೆ ಅನಂತರ ರವಾನಿಸುತ್ತದೆ. ತೆರೆಯ ಮೇಲಿನ ಪಟ್ಟಿಯಾದರೋ ಮೆಮೊರಿಗೆ ತಲುಪಿದ್ದನ್ನೇ ಮುಗಿದ ಕೆಲಸವೆಂದು ಎಣಿಸಬಹುದು. ಲಿನಕ್ಸ್ ವ್ಯವಸ್ಥೆಯ ಸಾಮಾನ್ಯ ಏರ್ಪಾಡಿನಲ್ಲಿ ಮಾಹಿತಿ ಹೀಗೆ ಸುಮಾರು 30 ಸೆಕೆಂಡು ಕಾದಿರುವುದುಂಟು. ವಿಂಡೋಸ್ 10ರ 1809ನೆಯ ಆವೃತ್ತಿ 2018ರಲ್ಲಿ ಬಂದಾಗ, ಹೀಗೆ ಕಾಯಿಸದೆ ಬರೆಯುವ ಕ್ರಮವನ್ನೇ ಮೊದಲ ಆಯ್ಕೆಯಾಗಿ ಇರಿಸಲಾಯಿತು. ಆದರೂ ಬರಹ ನಡೆಯುತ್ತಿರುವಾಗ ಕೀಳಬಾರದೆಂಬ ನಿಯಮಕ್ಕೆ ಚ್ಯುತಿಯಿಲ್ಲ.

ಹಾಗಾದರೆ ಪೆನ್‌ಡ್ರೈವಿನ ಮಿನುಗುದೀಪವನ್ನು ನಂಬಬಹುದೆ? ಆ ದೀಪ ಅದರೊಳಗಿನ ನಿಯಂತ್ರಕ ಚಿಪ್ಪಿನ ಅಧೀನ. ಕೆಲವು ಕೆಲಸ ನಡೆಯುವಾಗ ಮಿನುಗುತ್ತವೆ. ಕೆಲವು ಸುಮ್ಮನೆ ಬೆಳಗುತ್ತಲೇ ಇರುತ್ತವೆ. ಕೆಲವಕ್ಕೆ ದೀಪವೇ ಇಲ್ಲ. ಇಷ್ಟಕ್ಕೂ ಚಿಪ್ಪಿಗೆ ಮದುವೆಯೂ ತಿಳಿಯದು, ಫೈಲೂ ತಿಳಿಯದು. “ಇಂಥ ಸ್ಥಾನದಲ್ಲಿ ಇಷ್ಟು ಬರೆ” ಎಂಬ ಆಜ್ಞೆಯೊಂದೇ ಅದಕ್ಕೆ ತಿಳಿದದ್ದು. ಬಹುಕಾಲದಿಂದ ರೂಢಿಯಲ್ಲಿರುವ ಯು.ಎಸ್.ಬಿ. ಕ್ರಮದಲ್ಲಿ ಆಜ್ಞೆಯ ಉದ್ದ 31 ಬೈಟ್. ಕೆಲಸವಾದ ಮೇಲೆ ಹಿಂದಿರುಗುವ ಉತ್ತರ 13 ಬೈಟ್. ಅಂಚೆಯ ಸ್ವೀಕೃತಿ ಚೀಟಿಯಂತಿರುವ ಈ ಉತ್ತರದಲ್ಲಿ ಸೊನ್ನೆಯಿದ್ದರೆ ಆಜ್ಞೆ ನೆರವೇರಿತೆಂದು ಅರ್ಥ. ಎರಡು ಆಜ್ಞೆಗಳ ನಡುವೆ ಬಿಡುವಾದಾಗ ದೀಪ ನಿಲ್ಲಬಹುದು. ಕೊನೆಯ ಆಜ್ಞೆ ಯಾವುದೆಂಬುದು ಗಣಕಯಂತ್ರಕ್ಕೆ ಮಾತ್ರ ಗೊತ್ತು.

ಆದುದರಿಂದ ಅದನ್ನೇ ಕೇಳುವುದು ಜಾಣತನ. ತೆರೆಯಲ್ಲಿ ‘ಇಜೆಕ್ಟ್’ ಒತ್ತಿದಾಗ ಗಣಕಯಂತ್ರವು ಕಾದಿರಿಸಿದ ಮಾಹಿತಿಯನ್ನೆಲ್ಲ ಕಳುಹಿಸಿ, ಉತ್ತರ ಪಡೆದು, ಆಮೇಲೆ ತೆಗೆಯಲು ಅನುಮತಿ ಕೊಡುತ್ತದೆ. “ಇನ್ನೂ ಬಳಕೆಯಲ್ಲಿದೆ” ಎಂದು ನಿರಾಕರಿಸಿದರೆ ಸಿಡಿಮಿಡಿಗೊಳ್ಳಬಾರದು. ಯಾವುದೋ ಫೈಲು ತೆರೆದೇ ಇದೆಯೆಂದು ತಿಳಿದು ಅದನ್ನು ಮುಚ್ಚಬೇಕು. ತಿರುಗುವ ಹಾರ್ಡ್ ಡಿಸ್ಕಾದರೆ, ಅನುಮತಿ ದೊರೆತ ಮೇಲೂ ಚಕ್ರದ ಸದ್ದು ಅಡಗುವವರೆಗೆ ಕೆಲವು ಕ್ಷಣ ತಾಳುವುದು ಲೇಸು.

ಮತ್ತೊಂದು ಎಚ್ಚರಿಕೆ. ಪೆನ್‌ಡ್ರೈವನ್ನು ಪುನಃ ಸಿಕ್ಕಿಸಿ, ನಾಲ್ಕಾರು ಚಿತ್ರಗಳನ್ನು, ಮುಖ್ಯವಾಗಿ ಕೊನೆಯದನ್ನು, ತೆರೆದು ನೋಡದೆ ಕ್ಯಾಮೆರಾದ ಕಾರ್ಡನ್ನು ಅಳಿಸಕೂಡದು. ಚಿತ್ರವನ್ನು ಎಷ್ಟು ಸಲವಾದರೂ ನಕಲು ಮಾಡಬಹುದು. ಮಾಂಗಲ್ಯಧಾರಣೆಯ ಮುಹೂರ್ತ ಮತ್ತೆ ಬಾರದು.